ಉಕ್ಕದ ಹಾಲು

ಬಿಡದಿಯಲ್ಲಿ ಮಗಳು ಬಾಡಿಗೆ ಮನೆ ಹಿಡಿದಾಗ, ಹಾಲುಕ್ಕಿಸುವ ದಿನ ನಮ್ಮ ಅತ್ತೆಯನ್ನೂ ಕರೆದಿದ್ದಳು. ಅತ್ತೆ ತಮ್ಮೂರು ಕಲ್ಯದಿಂದ ಬೆಳಗಿನ ಬಸ್ಸಿಗೇ ಬಂದರು, ಕೈಯಲ್ಲಿ ಹಾಲಿನ ಕ್ಯಾನು. ಮುಚ್ಚಳ ಅಲುಗದಂತೆ ಹಳೆ ಸೀರೆಯ ತುಂಡು ಬಿಗಿದಿದ್ದರು. ಮೊಮ್ಮಗಳ ಮನೆಯಲ್ಲಿ ತಮ್ಮ ಹಸುವಿನ ಹಾಲೇ ಮೊದಲು ಉಕ್ಕಬೇಕೆಂದು ಅವರಿಗೆ ಆಸೆ.

ಮಗಳು ಹಸುವಿನ ಹಾಲು ಬಿಟ್ಟು ವರ್ಷವಾಗಿತ್ತು. ಅವಳ ಫ್ರಿಜ್ಜಿನಲ್ಲಿ ಓಟ್ಸ್ ಹಾಲು, ಗೋಡಂಬಿ ಮೊಸರು, ಸೋಯಾ ಪನೀರು. ಅವಳು ಅದನ್ನು ಫೋನಿನಲ್ಲಿ ಹೇಳಿದಾಗ ಅತ್ತೆ, “ಹಾಲು ಅಂದ್ಮೇಲೆ ಹಾಲೇ ತಾನೆ” ಎಂದು ನಕ್ಕಿದ್ದರು.

ಮಗಳು ಕ್ಯಾನನ್ನು ಪ್ರೀತಿಯಿಂದಲೇ ತೆಗೆದುಕೊಂಡು ಬಾಗಿಲ ಪಕ್ಕ ಇಟ್ಟಳು. ಅರಿಶಿನ ಕುಂಕುಮ ಹಚ್ಚಿದ ಹೊಸ ಪಾತ್ರೆಗೆ ಪ್ಯಾಕೆಟ್ಟಿನ ಓಟ್ಸ್ ಹಾಲು ಸುರಿದಳು. ಎಲ್ಲರೂ ಒಲೆಯ ಸುತ್ತ ಕಾದೆವು. ಹಾಲು ಏಳಲಿಲ್ಲ. ಮಂದವಾಗಿ, ಗುಳ್ಳೆ ಬಿಡುತ್ತಾ ತಳ ಹಿಡಿಯಿತು. ಸೀದ ವಾಸನೆ ಬಂತು.

“ಗಂಜಿ ಆಯ್ತಲ್ಲವ್ವ,” ಅಂದರು ಅತ್ತೆ.

“ಶಾವಿಗೆಗೆ ನೀನು ಹಿಂಡೋದೂ ಕಾಯಿಹಾಲೇ ಅಲ್ವಾ ಅಜ್ಜಿ? ಅದೇನು ಹಸೂದಾ?” ಅಂದಳು ಮಗಳು.

“ಕಾಯಾಲು ಅಂತೀವಿ, ದಿಟ. ಅದ್ನ ಯಾರೂ ಉಕ್ಸಕ್ಕೆ ಇಕ್ಕಲ್ಲ ಕಣವ್ವ. ನನ್ ಹಸಿನ್ ಹಾಲ್ಗೆ ಏನಾಗಿತ್ತು?”

ಮಗಳು ಒಲೆ ಆರಿಸಿದಳು. “ಚಿಕ್ಕೋಳಿದ್ದಾಗ ನಾನು ಬೆಲ್ಲ ತಿನ್ನಿಸ್ತಿದ್ದ ಗಂಡುಕರು ಎಲ್ಲಿಗೆ ಹೋಯ್ತಜ್ಜಿ? ಇವತ್ತಾದ್ರೂ ಹೇಳು.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. “ನಿಮ್ಮಪ್ಪನ್ನ ಓದ್ಸಿದ್ದು ಆ ಹಸಗೋಳೇ ಕಣವ್ವ,” ಅಂದರು.

ಇಬ್ಬರ ನಡುವೆ ಬಾಯಿ ಹಾಕಬಾರದೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಸೀದ ಪಾತ್ರೆಗೆ ನೀರು ಹಾಕಿ ನೆನೆಯಲು ಇಟ್ಟೆ.

ಮಧ್ಯಾಹ್ನ ಅತ್ತೆ ಅನ್ನ, ಸಾರು ಉಂಡರು. ಮಗಳು ಗೋಡಂಬಿ ಮೊಸರಿನ ಬಟ್ಟಲು ತಂದಾಗ ಎಲೆಗೆ ಕೈ ಅಡ್ಡ ಹಿಡಿದು “ಸಾಕು” ಅಂದರು. ಕೊನೆಗೆ ಮೊಸರನ್ನ ಉಣ್ಣದೆ ಅವರು ಎದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮಗಳಿಗೂ ಅದು ಗೊತ್ತು. ಬಟ್ಟಲು ಹಿಡಿದೇ ನಿಂತಿದ್ದಳು.

ಸಂಜೆ ಅತ್ತೆಯನ್ನು ಬಸ್ಸಿಗೆ ಹತ್ತಿಸಲು ಹೋದೆ. ಕ್ಯಾನು ಅವರ ಕಾಲ ಬಳಿಯಿತ್ತು, ಬಟ್ಟೆಯ ಗಂಟು ಬಿಚ್ಚಿರಲಿಲ್ಲ. ಬೆಳಗಿನ ಹಸಿ ಹಾಲು, ಆ ಸೆಕೆಗೆ ಕೆಟ್ಟಿರಬೇಕು.

“ಮೊಮ್ಮಗಳ ಮನೆಗೆ ಬರಿಗೈಲಿ ಬರಕ್ಕಾಯ್ತದಾ?” ಅಂದರು. “ಇನ್ನೊಂದ್ಸಲ ಬಂದ್ರೆ ಏನ್ ತರ್ಲವ್ವ? ನೀನೇ ಹೇಳು.”

ತೆಂಗಿನಕಾಯಿ ತನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ, ಬಗ್ಗಿ ಕ್ಯಾನು ಎತ್ತಿಕೊಂಡೆ.