ಹನ್ನೆರಡು ಅಡಿ ಹಗ್ಗ

ಅವರ ಅಂಗೈ ಕೆನ್ನೆಗೆ ತಾಗಿದರೆ ತೆಂಗಿನ ಸಿಪ್ಪೆಯಿಂದ ಉಜ್ಜಿದ ಹಾಗಾಗುತ್ತಿತ್ತು. ಬೆರಳುಗಳ ಬುಡದಲ್ಲಿ ಹಗ್ಗ ಎಳೆದೆಳೆದು ಬಿದ್ದ ಗೀರುಗಳು, ಯಾವ ಸೋಪಿಗೂ ಜಗ್ಗದೆ ಆ ಗೀರುಗಳೊಳಗೆ ಕೂತ ಕಂದು ಬಣ್ಣ, ಶರ್ಟಿನ ತೋಳಿಗೆ ಸದಾ ಅಂಟಿಕೊಂಡ ಒಂದೆರಡು ನಾರಿನ ಎಳೆ. ಎತ್ತರ ಐದಡಿ ಮೂರಿಂಚು, ಅದೂ ಚಪ್ಪಲಿ ಸೇರಿ. ಈ ಮನುಷ್ಯ ನಮ್ಮ ಬ್ಯಾಸ್ಕೆಟ್‌ಬಾಲ್ ಕೋಚ್ ಎಂದರೆ ಹೊಸದಾಗಿ ಸೇರಿದವರು ನಮ್ಮನ್ನೇ ಅನುಮಾನದಿಂದ ನೋಡುತ್ತಿದ್ದರು.

ಮಾಮೂಲ್‌ಪೇಟೆಯ ಇಕ್ಕಟ್ಟಾದ ಗಲ್ಲಿಯಲ್ಲಿ ಅವರದು ಹಗ್ಗದ ಅಂಗಡಿ. ಬಾವಿ ಹಗ್ಗ, ತೊಟ್ಟಿಲ ಹಗ್ಗ, ಲಾರಿಗೆ ಬಿಗಿಯುವ ಹಗ್ಗ, ಎಲ್ಲವೂ ಸುರುಳಿ ಸುತ್ತಿ ಛಾವಣಿಯವರೆಗೆ ಪೇರಿಸಿರುತ್ತಿತ್ತು. ಸಂಜೆ ನಾಲ್ಕೂವರೆಗೆ ತಮ್ಮನನ್ನು ಅಲ್ಲಿ ಕೂರಿಸಿ, ಸೈಕಲ್ ಹತ್ತಿ, ಬಸವನಗುಡಿಯ ನಮ್ಮ ಕೋರ್ಟಿಗೆ ಬಂದುಬಿಡುತ್ತಿದ್ದರು. ಬೆನ್ನ ಹಿಂದೆ ನಾವು ‘ಹಗ್ಗದ ಸಾರ್’ ಅನ್ನುತ್ತಿದ್ದೆವು. ಒಂದು ದಿನ ಯಾರೋ ಒಬ್ಬ ಬಾಯಿತಪ್ಪಿ ಎದುರಿಗೇ ಅಂದುಬಿಟ್ಟ. “ಮತ್ತೇನು, ರೇಷ್ಮೆ ಸಾರ್ ಅಂತೀಯಾ? ಓಡು” ಅಂದರು. ಅಲ್ಲಿಂದ ಅದೇ ಹೆಸರಾಯಿತು.

ನಾನು ಆ ತಂಡದ ಗಾರ್ಡ್. ಎಂದರೆ ಚೆಂಡನ್ನು ಪುಟಿಸಿಕೊಂಡು ಈ ತುದಿಯಿಂದ ಆ ತುದಿಗೆ ತರುವ, ತಂದಮೇಲೆ ಯಾರಿಗೆ ಕೊಡಬೇಕೆಂದು ಕ್ಷಣದಲ್ಲಿ ನಿರ್ಧರಿಸುವ ಕುಳ್ಳ. ಈಗಲೂ ಬಸ್ ಸ್ಟಾಪಿನಿಂದ ವಾಪಸು ಬಂದು ಗ್ಯಾಸ್ ಆಫ್ ಆಗಿದೆಯೇ ಎಂದು ನೋಡುವವನು ನಾನು. ನೋಡಿದ ಮೇಲೆ, ನೋಡಿದ್ದು ಸರಿಯಾಗಿತ್ತೇ ಎಂದು ಮತ್ತೊಮ್ಮೆ ಬರುತ್ತೇನೆ. ಇಂಥವನ ಕೈಗೆ ನಿರ್ಧಾರದ ಕೆಲಸ ಕೊಟ್ಟದ್ದು ಹಗ್ಗದ ಸಾರ್ ಜೀವನದಲ್ಲಿ ಮಾಡಿದ ಅತಿ ದೊಡ್ಡ ತಪ್ಪು ಎಂದು ನಾನು ಹದಿನೆಂಟನೇ ವಯಸ್ಸಿನಲ್ಲೇ ಅಂದುಕೊಂಡಿದ್ದೆ.

ಆ ವರ್ಷ ನಮಗೆ ಒಬ್ಬ ಸೆಂಟರ್ ಸಿಕ್ಕಿದ. ಸೆಂಟರ್ ಎಂದರೆ ಬುಟ್ಟಿಯ ಬುಡದಲ್ಲೇ ನಿಂತು ಆಡುವ ಎತ್ತರದ ಆಳು. ಓಕಳಿಪುರಂನವನು. ರೈಲು ಹೋದಾಗಲೆಲ್ಲ ಪಾತ್ರೆ ಪಗಡೆ ಅಲ್ಲಾಡುವ ಮನೆ. ಆರಡಿ ಐದಿಂಚು ಎತ್ತರ, ಬಾಗಿಲಿನಷ್ಟು ಅಗಲ. ಕಂಬ ಎಂದು ಹೆಸರಿಟ್ಟೆವು. ಅವನು ಬುಟ್ಟಿಯ ಹತ್ತಿರ ಚೆಂಡು ಹಿಡಿದು ಒಮ್ಮೆ ತಿರುಗಿದನೆಂದರೆ, ತಡೆಯಲು ಬಂದವರು ಬಸ್ಸಿನ ಫುಟ್‌ಬೋರ್ಡಿನಿಂದ ಉದುರಿದ ಹಾಗೆ ಉದುರುತ್ತಿದ್ದರು.

ತೊಂದರೆ ಒಂದೇ. ಅವನಿಗೆ ಚೆಂಡು ತಲುಪುತ್ತಿರಲಿಲ್ಲ. ತಲುಪಿಸಬೇಕಾದವನು ನಾನು. ಅವನ ಮುಂದೊಬ್ಬ, ಹಿಂದೊಬ್ಬ ಅಡ್ಡ ನಿಂತಿರುತ್ತಿದ್ದರು. ಎಸೆದರೆ ಕಿತ್ತುಕೊಂಡಾರು ಎನ್ನುವುದು ನನ್ನ ತಲೆಯಲ್ಲಿ ಎಸೆಯುವ ಮೊದಲೇ ಸಿನಿಮಾದಂತೆ ಓಡಿಬಿಡುತ್ತಿತ್ತು. ಚೆಂಡನ್ನು ಪಕ್ಕದವನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಅವನು ದೂರದಿಂದಲೇ ಬುಟ್ಟಿಗೆ ಬೀಸುತ್ತಿದ್ದ. ತಪ್ಪುತ್ತಿತ್ತು. ಎಲ್ಲರೂ ವಾಪಸು ಓಡುತ್ತಿದ್ದೆವು.

ಎರಡು ತಿಂಗಳು ಹೀಗೆ ಕಳೆದ ಮೇಲೆ ಕಂಬ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಸಾರ್ ಮುಂದೆ ನಿಂತ. “ಸಾರ್, ಆ ಕಡೆಯಿಂದ ಈ ಕಡೆಗೆ ಓಡ್ತೀನಿ, ಈ ಕಡೆಯಿಂದ ಆ ಕಡೆಗೆ ಓಡ್ತೀನಿ. ಬಾಲ್ ಮುಖಾನೇ ನೋಡಿಲ್ಲ. ವಾಚ್‌ಮನ್ ಕೆಲ್ಸ ಆಗಿದ್ರೆ ಕೂತ್ಕೊಂಡಾದ್ರೂ ಮಾಡ್ಬೋದಿತ್ತು. ಮಾವ ಗ್ಯಾರೇಜಿಗೆ ಬಾ ಅಂತಿದಾರೆ, ಹೋಗ್ತೀನಿ.”

ನನಗೊಂದು ನಾಲ್ಕು ಬೈಗುಳ ಬೀಳುತ್ತವೆ ಎಂದು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಸಾರ್ ನನ್ನ ಕಡೆ ತಿರುಗಲೂ ಇಲ್ಲ. “ಬಾಲ್ ಒಳಗೆ ಬರ್ಲಿಲ್ಲ ಅಂದ್ರೆ ಬೈಸ್ಕೋಬೇಕಾದೋನು ಕೋಚು. ಹದಿನೈದು ದಿನ ಕೊಡು ನಂಗೆ. ಆಮೇಲೆ ಮಾವನ ಹತ್ರ ನಾನೇ ಕರ್ಕೊಂಡ್ ಹೋಗಿ ಬಿಡ್ತೀನಿ” ಅಂದರು.

ಮರುದಿನ ಸೈಕಲ್ಲಿನ ಕ್ಯಾರಿಯರಿನಲ್ಲಿ ಹನ್ನೆರಡು ಅಡಿ ಹತ್ತಿ ಹಗ್ಗ ಬಂತು. ಒಂದು ತುದಿಯನ್ನು ಕಂಬದ ಸೊಂಟಕ್ಕೆ, ಇನ್ನೊಂದನ್ನು ನನ್ನ ಸೊಂಟಕ್ಕೆ ಕಟ್ಟಿದರು. ಅವರು ಹಾಕಿದ ಗಂಟು ಬಿಚ್ಚಲು ಅವರೇ ಬರಬೇಕಿತ್ತು.

“ಹಗ್ಗ ಬಿಗಿಯಾದ್ರೆ ನೀನು ದೂರ ಹೋದೆ, ಅಲ್ಲಿಂದ ಎಸೆದ ಬಾಲ್ ಅವನ ಹತ್ರ ಬರೋಷ್ಟರಲ್ಲಿ ಯಾರ್ ಬೇಕಾದ್ರೂ ಕೈ ಹಾಕ್ತಾರೆ. ಹಗ್ಗ ನೆಲಕ್ಕೆ ಬಿತ್ತು ಅಂದ್ರೆ ನೀನು ಅವನ ಮೈಮೇಲೆ ಬಿದ್ದಿದೀಯ. ಆಗ ನಿನ್ನ ಕಾಯ್ತಿರೋನೇ ಅವನನ್ನೂ ಕಾಯ್ತಾನೆ, ಒಂದೇ ಸಂಬಳಕ್ಕೆ ಎರಡು ಕೆಲ್ಸ. ಬಿಗೀಬಾರ್ದು, ಬೀಳಬಾರ್ದು. ಸ್ವಲ್ಪ ಜೋಲಬೇಕು, ಅಷ್ಟೆ.”

ಎರಡು ದಿನ ಕೋರ್ಟಿನಲ್ಲಿ ಬಿದ್ದು ಎದ್ದೆವು. ಮೂರನೇ ಸಂಜೆ, ನಾಳೆ ಹಬ್ಬ ಎನ್ನುವಾಗ, ಕಟ್ಟಿದ ಹಗ್ಗದ ಸಮೇತ ನಮ್ಮನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋದರು. ಆ ತುದಿಯಿಂದ ಈ ತುದಿಯವರೆಗೆ ನಡೆಯಬೇಕು, ಕಂಬ ಎಲ್ಲಿ ಬೇಕಾದರೂ ನುಗ್ಗಬಹುದು, ನಾನು ಅವನತ್ತ ನೋಡದೆ ಹಗ್ಗ ಜೋಲುವಷ್ಟೇ ದೂರದಲ್ಲಿರಬೇಕು. ಸಾರ್ ಹಿಂದಿನಿಂದ ಕಾಫಿ ಕುಡಿದವರ ನೆಮ್ಮದಿಯಲ್ಲಿ ಬರುತ್ತಾರೆ. ಬಾಳೆಕಂಬದ ರಾಶಿ, ಸೇವಂತಿಗೆ ಮಾಲೆ, ಮಾವಿನೆಲೆ, ಇಡೀ ಬಸವನಗುಡಿ ಅಲ್ಲಿತ್ತು. ನನ್ನ ಮಾನ ಅಲ್ಲಿರಲಿಲ್ಲ.

“ಯಾಕಪ್ಪಾ, ಎತ್ತು ಮಾರೋಕೆ ಬಂದ್ಯಾ?” ಎಂದು ಹೂವಿನ ಹೆಂಗಸು ನನ್ನನ್ನು ಕೇಳಿದಳು.

“ಇಲ್ಲಮ್ಮ, ಎತ್ತೇ ಇವನನ್ನ ಮಾರೋಕೆ ಬಂದಿರೋದು” ಅಂದರು ಸಾರ್.

ಒಬ್ಬ ಆಟೋದವನು ಗಾಡಿ ನಿಲ್ಲಿಸಿ, “ಗುರು, ಇಬ್ರಲ್ಲಿ ಯಾರು ಓಡ್ಹೋಗೋ ಪಾರ್ಟಿ?” ಅಂದ. ಒಂದು ಕುಟುಂಬ ನಮ್ಮಿಬ್ಬರ ನಡುವೆ ನುಗ್ಗಿ ಹಗ್ಗಕ್ಕೆ ಸಿಕ್ಕಿಕೊಂಡಿತು. ಅಜ್ಜಿಯೊಬ್ಬರ ಕೈಯ ನಿಂಬೆಹಣ್ಣು ಉರುಳಿ ಹೋದವು. “ಬಿಗೀತು!” ಎಂದು ಹಿಂದಿನಿಂದ ಕೂಗು. ನಾಲ್ಕು ಹೆಜ್ಜೆಗೆ, “ಬಿತ್ತು!” ಮೊದಲ ಸಲ ದಾಟುವಷ್ಟರಲ್ಲಿ ಅದೆಷ್ಟು ಸಲ ಬಿಗಿಯಿತೋ ಬಿತ್ತೋ. ವಾಪಸು ಬರುವಾಗ ಕಡಿಮೆಯಾಯಿತು. ಮೂರನೇ ಸಲಕ್ಕೆ ಏನೋ ಆಯಿತು. ಅವನು ಬಾಳೆಲೆ ಗಾಡಿಯ ಎಡಕ್ಕೆ ಹೊರಳಿದ್ದು ನನಗೆ ಕಣ್ಣಿಗಿಂತ ಮೊದಲು ಸೊಂಟಕ್ಕೆ ಗೊತ್ತಾಯಿತು. ಕಾಲು ತಾನೇ ಅತ್ತ ಸರಿಯಿತು. ಜನರ ನಡುವೆ, ಅವರಿಗೇ ಗೊತ್ತಿಲ್ಲದಂತೆ, ಸಂದುಗಳು ತೆರೆದುಕೊಳ್ಳುವುದು, ಮುಚ್ಚುವುದು ಕಾಣತೊಡಗಿತು. ಅಷ್ಟು ದಿನ ನಾನು ನೋಡುತ್ತಿದ್ದುದು ಅಡ್ಡ ನಿಂತವರನ್ನು ಮಾತ್ರ. ಅವರ ನಡುವಿನ ಖಾಲಿಯನ್ನು ನೋಡಿರಲೇ ಇಲ್ಲ. ಹಿಂದೆ ತಿರುಗಿದೆ. ಆ ಕುಳ್ಳ ಮನುಷ್ಯ ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದರು, ಎರಡು ಬೆರಳು ಹಗ್ಗದ ಮೇಲಿತ್ತು. ಅವತ್ತು ನನಗೆ ಅವರ ಬಗ್ಗೆ ಹುಟ್ಟಿದ ಬೆರಗು ಈ ಹೊತ್ತಿಗೂ ಇಳಿದಿಲ್ಲ.

ಉಳಿದದ್ದೆಲ್ಲ ಅದರ ಹಿಂದೆ ಬಂತು. ಕಂಬಕ್ಕೆ ಯಾವಾಗಲೂ ಒಂದೇ ಮಾತು: “ಮಂಡಿ ಬಗ್ಸು. ಇನ್ನೂ ಕೆಳಗೆ!” ಎತ್ತರ ದೇವರು ಕೊಟ್ಟದ್ದು, ಬಗ್ಗಿ ನಿಂತರೆ ಮಾತ್ರ ಅದು ಅಲ್ಲಾಡುವುದಿಲ್ಲ ಎಂದು ಅವರ ಲೆಕ್ಕ. ನನಗೆ, “ಮುಖಕ್ಕೆ ಎಸೀಬೇಡ, ಕೈಗೆ ಎಸಿ. ಕಾಯೋನು ಎಡಕ್ಕಿದ್ರೆ ಬಲಗೈಗೆ. ಕೊಟ್ಮೇಲೆ ನಿಂತ್ಕೊಂಡು ನೋಡೋಕೆ ನಾಟಕ ಅಲ್ಲ, ಓಡು. ನೀನು ನಿಂತ್ರೆ ನಿನ್ನ ಕಾಯೋನೂ ಹೋಗಿ ಅವನ ಬೆನ್ನು ಹತ್ತುತ್ತಾನೆ. ವಾಪಸ್ ಕೊಟ್ನಾ? ಇನ್ನೊಂದ್ ಸಲ ಹಾಕು. ಅಷ್ಟುದ್ದ ಓಡಿ ಬಂದಿದಾನೆ ಅಂದ್ರೆ ಮೊದಲು ಅವನಿಗೇ ಕೊಡು. ಇವತ್ತು ಸಿಗದಿದ್ರೆ ನಾಳೆ ಯಾಕೆ ಓಡ್ತಾನೆ?”

ಒಮ್ಮೆ ಅಂಗಡಿಗೆ ಹೋಗಿದ್ದಾಗ ಕೇಳಿದೆ, ಇದೆಲ್ಲ ಎಲ್ಲಿ ಕಲಿತಿರಿ ಎಂದು. ಹಗ್ಗದ ಸುರುಳಿಯ ಮೇಲೆ ಕೂತು ನಾರು ಬಿಡಿಸುತ್ತಿದ್ದರು. “ನಾನೂ ಗಾರ್ಡೇ ಕಣೋ. ನಮ್ಮ ಟೀಮಲ್ಲೂ ಒಬ್ಬ ಇದ್ದ, ನಿಮ್ಮ ಕಂಬಕ್ಕಿಂತ ಒಂದು ಕೈ ಮೇಲೆ. ಜನ ನನಗೇ ಚಪ್ಪಾಳೆ ಹೊಡೀಲಿ ಅಂತ ಅವನಿಗೆ ಬಾಲೇ ಕೊಡ್ಲಿಲ್ಲ. ಆಟ ಬಿಟ್ಟೋದ. ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ.” ಸ್ವಲ್ಪ ಹೊತ್ತು ನಾರು ಬಿಡಿಸಿ, “ನೀನು ಚಪ್ಪಾಳೆಗೆ ಬಾಲ್ ಇಟ್ಕೊಳ್ಳಲ್ಲ, ಹೆದರ್ಕೊಂಡು ಇಟ್ಕೋತೀಯ. ಒಳಗೆ ನಿಂತಿರೋನಿಗೆ ಎರಡೂ ಒಂದೇ” ಅಂದರು.

ಹದಿನೈದನೇ ದಿನಕ್ಕೆ ಸರಿಯಾಗಿ ಮಲ್ಲೇಶ್ವರದ ತಂಡದ ಜೊತೆ ಪಂದ್ಯ ಬಂತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೂವರು ಕೂತಿದ್ದರು. ರಾಜ್ಯ ಶಿಬಿರಕ್ಕೆ ಹುಡುಗರನ್ನು ಆರಿಸುವವರು. ಆಯ್ಕೆಯಾದರೆ ಕಂಬಕ್ಕೆ ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ, ಇಲ್ಲದಿದ್ದರೆ ಮಾವನ ಗ್ಯಾರೇಜು. ಇದು ಎಲ್ಲರಿಗೂ ಗೊತ್ತಿತ್ತು. ನನಗೆ ಅಗತ್ಯಕ್ಕಿಂತ ಹೆಚ್ಚು ಗೊತ್ತಿತ್ತು.

ಸೊಂಟದಲ್ಲಿ ಹಗ್ಗ ಇರಲಿಲ್ಲ. ಮೊದಲರ್ಧ ಪೂರ್ತಿ ನಾನು ಒಳಗೆ ಎಸೆದದ್ದು ಒಂದು ಸಲ, ಅದೂ ಅವನ ಮಂಡಿಗೆ. ಕಂಬ ಕೈ ಎತ್ತಿ ನಿಲ್ಲುತ್ತಿದ್ದ, ಇಳಿಸುತ್ತಿದ್ದ. ಕೊನೆಕೊನೆಗೆ ಎತ್ತುವುದನ್ನೇ ಬಿಟ್ಟ. ಆರಿಸಲು ಬಂದವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು.

ವಿರಾಮದಲ್ಲಿ ಸಾರ್ ನನ್ನನ್ನು ನಲ್ಲಿಯ ಹತ್ತಿರ ಕರೆದರು. “ಏನು ಭಯ?”

“ಕಿತ್ಕೊಂಡ್ರೆ ಸಾರ್?”

“ಎಷ್ಟು ಸಲ ಕಿತ್ಕೋಬೋದು?”

ಇದು ಯಾವ ಬಗೆಯ ಪ್ರಶ್ನೆ ಎಂದು ತಿಳಿಯಲಿಲ್ಲ. “ನಾಲ್ಕೈದು ಸಲ?”

“ಸರಿ. ಐದು ಸಲ ಕಿತ್ಕೊಳ್ಳಲಿ. ಪರ್ಮಿಷನ್ ಕೊಟ್ಟಿದೀನಿ. ಐದರವರೆಗೆ ತಪ್ಪು ನಂದು. ಆರನೇದರಿಂದ ನಿಂದು. ಆಗ ಬಂದು ಹೆದರ್ಕೋ.” ಒರಟು ಅಂಗೈಯಿಂದ ಕೆನ್ನೆ ತಟ್ಟಿ ಕಳಿಸಿದರು.

ಜೀವನದಲ್ಲಿ ಮೊದಲ ಬಾರಿಗೆ ನನ್ನ ಚಿಂತೆಯನ್ನು ಇನ್ನೊಬ್ಬರು ಹೊತ್ತಿದ್ದರು. ಹೋಗಿ ಎಸೆದೆ. ಕಿತ್ತುಕೊಂಡರು. ಒಂದು. ಮತ್ತೆ ಎಸೆದೆ, ಮತ್ತೆ ಕಿತ್ತುಕೊಂಡು ಹೋಗಿ ನಮ್ಮ ಬುಟ್ಟಿಗೇ ಹಾಕಿದರು. ಎರಡು. ಸಾರ್ ಬೆಂಚಿನ ಮೇಲೆ ಕೂತು ಎರಡು ಬೆರಳು ತೋರಿಸಿ ನಕ್ಕರು. ಮೂರನೇ ಸಲ ಚೆಂಡು ತರುವಾಗ ಸೊಂಟದ ಎಡಗಡೆ ಏನೋ ಎಳೆದಂತಾಯಿತು. ಇಲ್ಲದ ಹಗ್ಗ. ಕಂಬ ಎಲ್ಲಿದ್ದಾನೆಂದು ಗೊತ್ತಿತ್ತು. ಎರಡು ಹೆಜ್ಜೆ ಹತ್ತಿರ ಸರಿದು, ನೋಡದೆ, ಇಬ್ಬರ ನಡುವಿನ ಖಾಲಿಗೆ ಚೆಂಡು ಪುಟಿಸಿ ಬಿಟ್ಟೆ.

ಕೊಟ್ಟು ಓಡು ಎಂದು ಹೇಳಿದ್ದರು. ಓಡಿದೆ, ಆದರೆ ಕುತ್ತಿಗೆ ಹಿಂದಕ್ಕೇ ಇತ್ತು. ಕಂಬ ತೀರಾ ಕೆಳಗೆ ಕೂತು ಬಲಗೈಯಲ್ಲಿ ಚೆಂಡು ಹಿಡಿದಿದ್ದ. ಇಬ್ಬರು ಅವನ ಬೆನ್ನಿಗೆ ಒರಗಿದ್ದರು. ಅವನು ಎದ್ದ. ಅಷ್ಟೇ ಮಾಡಿದ್ದು, ಎದ್ದ. ಒರಗಿದ್ದವರಿಬ್ಬರೂ ಅತ್ತಿತ್ತ ಸರಿದರು, ಚೆಂಡು ಬುಟ್ಟಿಯೊಳಗೆ ಇಟ್ಟ ಹಾಗೆ ಇಳಿಯಿತು. ಆಮೇಲೆ ಕುರ್ಚಿಯಲ್ಲಿದ್ದವರೊಬ್ಬರು ಪಕ್ಕದವರ ತೊಡೆ ತಟ್ಟಿದರು.

ಅಲ್ಲಿಂದಾಚೆ ಪ್ರತಿ ಸಲ ಒಳಗೆ ಹಾಕಿದೆ. ಇಬ್ಬರು ಮೂವರು ಅವನ ಮೇಲೆ ಬಿದ್ದಾಗ ಅವನು ಹೊರಗೆ ಕೊಟ್ಟ, ಒಂಟಿಯಾಗಿ ನಿಂತಿದ್ದ ನಾವು ಹಾಕಿದೆವು. ಆದರೂ ಪಂದ್ಯ ಸೋತೆವು, ಒಂದೇ ಒಂದು ಪಾಯಿಂಟಿಗೆ. ಆರಿಸುವವರು ಕಂಬದ ಹೆಸರು, ವಿಳಾಸ ಕೇಳಿ ಬರೆದುಕೊಂಡು ಹೋದರು. ನಾನು ಮೂಲೆಯಲ್ಲಿ ಕೂತು, ಆ ಎರಡು ಕಿತ್ತುಕೊಳ್ಳದೆ ಇದ್ದಿದ್ದರೆ ಎಂದು ಕೊರಗುತ್ತಿದ್ದೆ. ಸಾರ್ ಬಂದು ನಿಂತರು.

“ಇನ್ನೂ ಮೂರು ಹಾಗೇ ಉಳಿಸ್ಕೊಂಡು ಸೋತಿದೀಯಲ್ಲೋ” ಅಂದರು.

ಕಂಬಕ್ಕೆ ಕೆಲಸ ಸಿಕ್ಕಿತು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನಾದೆ. ಮದುವೆಗೆ ಮೊದಲು, ಮನೆ ಬದಲಿಸುವ ಮೊದಲು, ಹಲ್ಲು ಕೀಳಿಸುವ ಮೊದಲು ಕೂಡ, ಮಾಮೂಲ್‌ಪೇಟೆಗೆ ಹೋಗಿ ಹಗ್ಗದ ಮೇಲೆ ಕೂರುತ್ತಿದ್ದೆ. ಅವರು ಕಾರಣ ಕೇಳುತ್ತಿರಲಿಲ್ಲ. “ಎಷ್ಟು ಉಳಿದಿದೆ?” ಅನ್ನುತ್ತಿದ್ದರು. “ಮೂರು ಸಾರ್.” “ಹೋಗು ಹಾಗಾದ್ರೆ.”

ಹೋದ ವರ್ಷ ಒಂದು ಬೆಳಿಗ್ಗೆ ಅವರ ತಮ್ಮನಿಂದ ಫೋನ್ ಬಂತು, ಸಾರ್ ತೀರಿಕೊಂಡರು ಎಂದು. ಚಾಮರಾಜಪೇಟೆಯ ಅವರ ಬೀದಿಯನ್ನು ಕಾಂಕ್ರೀಟ್ ಹಾಕಲು ಅಗೆದಿದ್ದರು, ವ್ಯಾನು ಒಳಗೆ ಬರುವಂತಿರಲಿಲ್ಲ. ಮೇನ್ ರೋಡಿನವರೆಗೆ ಹೊತ್ತೇ ಒಯ್ಯಬೇಕಿತ್ತು. ಚಟ್ಟಕ್ಕೆ ಅವರ ಅಂಗಡಿಯದೇ ಹಗ್ಗ, ಗಂಟು ತಮ್ಮನದು. ಮುಂದಿನ ಎರಡು ಹೆಗಲಿಗೆ ನಾನೂ ಕಂಬವೂ ಹೋಗಿ ನಿಂತಾಗ ತಮ್ಮ ಕೈ ಅಡ್ಡ ಹಿಡಿದರು. “ನೀವಿಬ್ರೂ ಜೋಡಿ ಬೇಡಪ್ಪಾ, ಒಂದ್ ಕಡೆಗೆ ವಾಲ್ಬಿಡುತ್ತೆ.”

“ವಾಲಲ್ಲ” ಅಂದ ಕಂಬ.

ಹೊರಟೆವು. ಎಡಕ್ಕೆ ಗುಂಡಿ, ಬಲಕ್ಕೆ ಜಲ್ಲಿ ರಾಶಿ, ನಡುವೆ ಒಂದೂವರೆ ಆಳಿನ ದಾರಿ. ನಾನು ಜಾರಿದರೆ, ಕೈ ಬಿಟ್ಟರೆ, ಎಂದು ನನ್ನ ತಲೆಯೊಳಗಿನ ಸಿನಿಮಾ ಶುರುವಾಗಿತ್ತು. “ಮಚ್ಚಾ, ಈ ಕಡೆ ನೋಡ್ಬೇಡ. ನಡಿ” ಎಂದ ಅವನು ಮೆಲ್ಲಗೆ. ನಡೆದೆ. ನೋಡದೆ ಇರುವುದು ಮಾತ್ರ ನನ್ನಿಂದ ಆಗಲಿಲ್ಲ. ಆಟ ಬಿಟ್ಟು ಎಷ್ಟೋ ಕಾಲವಾಗಿ, ಎರಡೂ ಮಂಡಿಗೆ ಪಟ್ಟಿ ಸುತ್ತಿದ ಆರಡಿ ಐದಿಂಚಿನ ಆ ಮನುಷ್ಯ, ನನ್ನ ಹೆಗಲಿಗೆ ತನ್ನ ಹೆಗಲು ಸಮನಾಗುವಷ್ಟು ಕೆಳಗೆ ಬಗ್ಗಿ, ಆ ಬೀದಿಯ ಉದ್ದಕ್ಕೂ ಹಾಗೇ ನಡೆದ. ಸಾರ್ ಒಂದು ಕೂದಲಿನಷ್ಟೂ ವಾಲಲಿಲ್ಲ.

ವ್ಯಾನಿನೊಳಗೆ ಮಲಗಿಸಿದ ಮೇಲೆ ಕಂಬ ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದ. ಮಂಡಿ ಲಟಕ್ಕೆಂದದ್ದು ನನಗೆ ಕೇಳಿಸಿತು. ಅವನ ಕಣ್ಣಲ್ಲಿ ನೀರಿತ್ತು.

“ಇವತ್ತಾದ್ರೂ ಸಾರ್ ಒಪ್ತಿದ್ರು ಅಲ್ವೇನೋ?” ಅಂದ.

“ಇನ್ನೂ ಕೆಳಗೆ ಅಂತಿದ್ರು” ಅಂದೆ.