ಹೇಸರಗತ್ತೆ ದಳದ ಕಾಳಯ್ಯ

ಕಾಳಯ್ಯನವರನ್ನು ನಾನು ಮೊದಲು ನೋಡಿದ್ದು ೨೦೦೭ರ ಜುಲೈ ತಿಂಗಳ ಒಂದು ಶನಿವಾರ, ಬಿಡದಿಯ ಆಚೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರ ಗೇಟಿನಲ್ಲಿ. ಬೆಳಗಿನ ಶಾಲೆ ಮುಗಿಸಿ ಎರಡು ಬಸ್ಸು ಬದಲಾಯಿಸಿ ಹೋಗಿದ್ದೆ. ಹನ್ನೆರಡೂವರೆ ಆಗಿತ್ತು. ನೀಲಿ ಅಂಗಿ ತೊಟ್ಟ ಕುಳ್ಳನೆಯ ಮನುಷ್ಯರೊಬ್ಬರು ಲಾರಿ ಚಾಲಕ ಕೊಟ್ಟ ಚೀಟಿಯನ್ನು ಕಣ್ಣಿನಿಂದ ದೂರ ಹಿಡಿದು ಓದುತ್ತಿದ್ದರು. ಮೀಸೆ ಅರ್ಧ ನರೆತಿತ್ತು. ಬೂಟು ಹಳೆಯದಾದರೂ ಹೊಳೆಯುತ್ತಿತ್ತು. ಎರಡೂ ಅಂಗೈಯಲ್ಲಿ ಅಡ್ಡಡ್ಡ ಬಿಳಿ ಗೆರೆಗಳಿದ್ದವು, ಹಗ್ಗ ಎಳೆದು ಸುಟ್ಟ ಗುರುತು. ಲಾರಿ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಯಾರು ಬೇಕಿತ್ತು?"

"ಕಾಳಯ್ಯ ಅಂತ, ಮಿಲಿಟರಿಯಲ್ಲಿದ್ದವರು. ಅವರು ಓದಿದ ಹೈಸ್ಕೂಲಿನಿಂದ ಬಂದಿದ್ದೀನಿ."

ಅವರು ಒಂದು ಪುಸ್ತಕ ನನ್ನ ಮುಂದೆ ತಳ್ಳಿದರು. "ಎಸ್ರು, ಊರು, ಬಂದ ಟೈಮು ಬರೀರಿ."

ಬರೆದೆ. ಯಾರನ್ನು ನೋಡಲು ಬಂದದ್ದು ಎಂಬ ಜಾಗ ಬಿಟ್ಟುಹೋಗಿತ್ತು. ಅವರೇ ಪೆನ್ನು ತೆಗೆದುಕೊಂಡು ಅಲ್ಲಿ ಗುಂಡಗೆ 'ಕಾಳಯ್ಯ' ಎಂದು ಬರೆದು, "ನಾನೇಯ. ಬನ್ನಿ, ಬಿಸಿಲಲ್ಲಿ ಯಾಕ್ ನಿಂತಿದ್ದೀರಿ" ಎಂದು ಗೇಟಿನ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು.

ನಮ್ಮದು ಕೂಟಗಲ್ ಹೋಬಳಿಯ ಒಂದು ಹೈಸ್ಕೂಲು. ನಾನು ಅಲ್ಲೇ ಓದಿ, ಅಲ್ಲಿಗೇ ಕನ್ನಡ ಮೇಷ್ಟ್ರಾಗಿ ಬಂದು ಎರಡು ವರ್ಷವಾಗಿತ್ತು. ೧೯೮೨ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರೆಲ್ಲ ಇಪ್ಪತ್ತೈದು ವರ್ಷವಾಯಿತೆಂದು ಆಗಸ್ಟಿನಲ್ಲಿ ಒಂದು ಭಾನುವಾರ ಶಾಲೆಯಲ್ಲಿ ಸೇರುವವರಿದ್ದರು. ಸೈನ್ಯದಲ್ಲಿ ದುಡಿದ ಸಹಪಾಠಿಗೆ ಸನ್ಮಾನ, ತೀರಿಹೋದ ಐವರು ಸಹಪಾಠಿಗಳ ನೆನಪು, ಮಧ್ಯಾಹ್ನ ಊಟ. ಇದನ್ನೆಲ್ಲ ಮೈಮೇಲೆ ಹಾಕಿಕೊಂಡವರು ಅದೇ ತರಗತಿಯ ನಾಗರಾಜು. ಅವರ ಹೊಲದ ಬಹುಪಾಲು ಕಾರ್ಖಾನೆಗಳ ಪಾಲಾಗಿತ್ತು. ಈಗ ಅದೇ ಕಾರ್ಖಾನೆಗಳಿಗೆ ಆಳುಗಳನ್ನು ಕರೆದೊಯ್ಯುವ ನಾಲ್ಕು ಬಸ್ಸು ಇಟ್ಟಿದ್ದರು. ಎಲ್ಲರ ಪರಿಚಯ ಬರೆದು ವೇದಿಕೆಯಲ್ಲಿ ಓದುವ ಕೆಲಸ ನನಗೆ ಬಿದ್ದಿತ್ತು.

ಆ ತರಗತಿಯಿಂದ ಸೈನ್ಯಕ್ಕೆ ಹೋದವರು ಇಬ್ಬರೇ. ಕಾಳಯ್ಯ ಮತ್ತು ಬೈರೇಶ. ಇಬ್ಬರದೂ ಕುರಿ ಸಾಕುವ ಮನೆ, ಅಕ್ಕಪಕ್ಕದ ಹಟ್ಟಿ, ಒಂದೇ ಬೆಂಚು. ೧೯೮೩ರಲ್ಲಿ ಒಂದೇ ದಿನ ಭರ್ತಿಯಾದರು. ಕಾಳಯ್ಯ ಹದಿನೇಳು ವರ್ಷ ಮುಗಿಸಿ ಬಂದರು. ಬೈರೇಶ ೧೯೮೮ರಲ್ಲಿ ತೀರಿಕೊಂಡ; ಗಡಿಯಲ್ಲಿ ಗುಂಡು ತಗುಲಿ ಸತ್ತ ಎಂದು ಊರಿಗೆಲ್ಲ ಗೊತ್ತು. ಅಷ್ಟು ನನಗೂ ಗೊತ್ತಿತ್ತು.

"ನೀವು ಯಾವ ವಿಭಾಗದಲ್ಲಿದ್ರಿ?" ಎಂದು ಕೇಳಿದೆ.

"ಸಪ್ಲೈ ಅಂತ ಬರ್ಕಳಿ" ಎಂದರು.

ಸೇರಿದ ತಾರೀಖು, ಬಿಟ್ಟ ತಾರೀಖು ಬರೆದುಕೊಳ್ಳಲೆಂದು ತಮ್ಮ ಡಿಸ್ಚಾರ್ಜ್ ಪುಸ್ತಕವನ್ನು ಮುಂದಿನ ವಾರ, ಮೊದಲ ಪುಟ ನೋಡಿದರೆ ಸಾಕೆಂದು ಹೇಳಿ, ಶಾಲೆಗೇ ಕಳಿಸಿಕೊಟ್ಟರು. ಮನೆಗೆ ತೆಗೆದುಕೊಂಡು ಹೋಗಿ ನಿಧಾನವಾಗಿ ಓದಿದೆ. ಅದರೊಳಗೆ ಒಂದು ಫೋಟೋ ಇತ್ತು. ಕಲ್ಲುಗುಡ್ಡದ ಮುಂದೆ ಇಬ್ಬರು ಹುಡುಗರು, ನಡುವೆ ಕಿವಿ ನೆಟ್ಟಗೆ ಮಾಡಿಕೊಂಡ ಒಂದು ಹೇಸರಗತ್ತೆ. ಪುಸ್ತಕದಲ್ಲಿಯೂ ಅದೇ ಬರೆದಿತ್ತು: ಪ್ರಾಣಿ ಸಾಗಣೆ ದಳದ ಸಿಪಾಯಿ. ಬಸ್ಸು ಲಾರಿ ಹೋಗದ ಗುಡ್ಡಗಳ ಮೇಲಿನ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹೊತ್ತ ಹೇಸರಗತ್ತೆಗಳನ್ನು ನಡೆಸಿಕೊಂಡು ಹೋಗುವುದು ಅವರ ಕೆಲಸವಾಗಿತ್ತು.

ನನಗೆ ಅದು ದೊಡ್ಡ ಕೆಲಸವೆಂದೇ ಅನಿಸಿತು. ಪುಸ್ತಕ ವಾಪಸ್ ಕೊಡಲು ಹೋದಾಗ ಹಾಗೆಯೇ ಹೇಳಿದೆ. ಅವರ ಮುಖ ಚಿಕ್ಕದಾಯಿತು.

"ಅದ ಬರೀಬ್ಯಾಡಿ ಮೇಷ್ಟ್ರೆ."

"ಯಾಕೆ?"

"ಲೆಕ್ಕದ ಮೇಷ್ಟ್ರು ನಂಗೂ ಬೈರೇಶನ್ಗೂ ದಿನಾ ಏನಂತಿದ್ರು ಗೊತ್ತಾ? ನೀವಿಬ್ರೂ ಕತ್ತೆ ಕಾಯೋಕೇ ಲಾಯಕ್ಕು ಅಂತ. ಇಡೀ ಕ್ಲಾಸು ನಗೋದು. ಮಿಲಿಟರಿಗೆ ಸೇರ್ಕಂಡು ಎದೆ ಉಬ್ಬಿಸ್ಕಂಡು ಹೋದ್ವಿ. ಟ್ರೈನಿಂಗ್ ಆದ್ಮೇಲೆ ನಮ್ಮ ಕೈಗೆ ಕೊಟ್ಟಿದ್ದೇ ಇದು. ಆವತ್ತು ರಾತ್ರಿ ಇಬ್ರೂ ನಕ್ಕು ನಕ್ಕು, ಊರಲ್ಲಿ ಮಾತ್ರ ಹೇಳ್ಬಾರ್ದು ಅಂತ ಮಾತಾಡ್ಕಂಡ್ವಿ."

ಇಷ್ಟು ಹೇಳಿದವರು ಬೈರೇಶನ ವಿಷಯವನ್ನೂ ಹೇಳಿದರು. ಗುಂಡು ಹಾರಿರಲಿಲ್ಲ. ಮಳೆ ನಿಂತ ಮಾರನೆಯ ದಿನ ಸಾಲಾಗಿ ಹೋಗುತ್ತಿದ್ದಾಗ ದಾರಿ ಕುಸಿದು, ಬೈರೇಶ ನಡೆಸುತ್ತಿದ್ದ ಹೇಸರಗತ್ತೆ ಹೊರೆಯ ಸಮೇತ ಕೆಳಗಿನ ಒಂದು ಬಂಡೆಯ ಮೇಲೆ ಸಿಕ್ಕಿಕೊಂಡಿತು. ಹೊರೆಯ ಪಟ್ಟಿ ಕೊಯ್ಯಲು ಬೈರೇಶ ಇಳಿದ. ಹಗ್ಗ ಹಿಡಿದಿದ್ದವರು ಕಾಳಯ್ಯ. ಪಟ್ಟಿ ಕೊಯ್ದ ಮೇಲೆ ಪ್ರಾಣಿ ಹತ್ತಿಕೊಂಡು ಬಂತು. ಆಮೇಲೆ ಮೇಲಿನಿಂದ ಕಲ್ಲು ಜಾರಿದವು. ಅಂಗೈಯ ಗೆರೆಗಳು ಆ ಹಗ್ಗದವು. ಕಲ್ಲು ಸರಿಸಿ ಬೈರೇಶನನ್ನು ಎತ್ತಿ, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅವನು ಅರ್ಧ ಗಂಟೆಯೂ ಉಳಿಯಲಿಲ್ಲ.

"ಅವನ ಟ್ರಂಕು ತಗಂಡು ಊರಿಗೆ ಬಂದೋನು ನಾನೇಯ. ಹಟ್ಟಿ ತುಂಬ ಜನ. ಯಾರೋ ದೊಡ್ಡೋರು, ಗುಂಡೇಟಾ ಮಗ ಅಂದ್ರು. ನಾನು ತಲೆ ಆಡಿಸ್ಬುಟ್ಟೆ. ಒಂದು ಕತ್ತೆಗೋಸ್ಕರ ಸತ್ತ ಅಂತ ಆ ತಾಯಿಗೆ ಹೆಂಗೆ ಹೇಳ್ಲಿ? ಅವತ್ತಿಂದ ಆ ಮನೆ ಬಾಗ್ಲಿಗೆ ಹೋಗಿಲ್ಲ."

ನಾನು ಬರೆಯುವುದಿಲ್ಲ ಎಂದು ಮಾತು ಕೊಟ್ಟೆ.

ಆದರೆ ಆಹ್ವಾನ ಪತ್ರಿಕೆ ಕೊಡಲು ಬೈರೇಶನ ತಾಯಿ ಭದ್ರಮ್ಮನವರ ಹಟ್ಟಿಗೆ ನಾನೇ ಹೋಗಬೇಕಾಗಿತ್ತು. ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ಮಗಳು ವರಲಕ್ಷ್ಮಿಯ ಜೊತೆ ಇಪ್ಪತ್ತು ಕುರಿ ನೋಡಿಕೊಂಡಿದ್ದರು. ಮೊದಲೆಲ್ಲ ಮೇಯುತ್ತಿದ್ದ ಬೀಳಿಗೆ ಕಾಂಪೌಂಡು ಬಂದಿದ್ದರಿಂದ ಗೋಡೆಯ ಪಕ್ಕದಲ್ಲೇ ಕುರಿ ಬಿಟ್ಟುಕೊಂಡು ಕೂತಿದ್ದರು. ಪತ್ರಿಕೆಯನ್ನು ಕಣ್ಣಿಗೆ ಒತ್ತಿಕೊಂಡು, ಸೆರಗಿನ ಗಂಟಿಗೆ ಸೇರಿಸಿ ಕೇಳಿದರು.

"ಕಾಳ ಬತ್ತಾನಾ?"

"ಬರ್ತಾರೆ ಅಮ್ಮ."

"ಅವ್ನ ಒಂದ್ ಮಾತು ಕೇಳಪ್ಪ. ಗುಂಡು ಎಲ್ಲಿಗೆ ಬಿತ್ತಂತೆ? ಜೀವ ಹೋಗೋಗಂಟ ಪಕ್ಕದಲ್ಲಿ ಯಾರಾರ ಇದ್ರಂತಾ? ಇಲ್ಲಾ ನೀರು ನೀರು ಅಂತ ಒಬ್ನೇ ಬಿದ್ದಿದ್ನಾ? ಅದೊಂದು ಗೊತ್ತಾದ್ರೆ ಸಾಕು. ಆ ಮುಂಡೇದು ನನ್ನ ಕಂಡ್ರೆ ದಾರಿ ಬದಲಾಯಿಸ್ತದೆ."

ಉತ್ತರ ನನ್ನ ಬಾಯಲ್ಲೇ ಇತ್ತು. ಆದರೆ ಹೇಳುವ ಹಕ್ಕು ನನ್ನದಲ್ಲ. ಅಲ್ಲಿಂದ ನೇರ ಬಿಡದಿಗೆ ಹೋಗಿ ಕಾಳಯ್ಯನವರಿಗೆ ಆ ಮಾತನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದೆ. ಅವರು ಗೇಟು ತೆಗೆದು ಒಂದು ಕಾರು ಒಳಗೆ ಬಿಟ್ಟರು, ಮತ್ತೆ ಮುಚ್ಚಿದರು.

"ಒಬ್ನೇ ಇದ್ನಾ ಅಂದ್ರಾ?"

"ಹೌದು."

"ಹತ್ತೊಂಬತ್ತು ವರ್ಷ ಅದನ್ನೇ ಅನ್ಕಂಡು ಕೂತಿತ್ತಾ ಮುದುಕಿ" ಎಂದರು. ಆಮೇಲೆ, "ನಾಳೆ ಪಾಳಿ ಇಲ್ಲ. ನೀವೂ ಬನ್ನಿ, ನಂಗೆ ಬಾಯಿ ಕಟ್ಟೋಗ್ತದೆ" ಎಂದರು.

ಮಾರನೆಯ ದಿನ ಹತ್ತು ಗಂಟೆಗೆ ಹೋದೆವು. ಭದ್ರಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದರು. ಕಾಳಯ್ಯನವರನ್ನು ನೋಡಿ ಮೊರ ನಿಲ್ಲಿಸಲಿಲ್ಲ.

"ಬಂದ್ಯಾ. ಮೀಸೆ ಬೆಳ್ಳಗಾದ್ಮೇಲೆ ದಾರಿ ಕಾಣ್ತಾ?"

ಕಾಳಯ್ಯ ಕೆಳಗೆ, ಅವರ ಕಾಲ ಹತ್ತಿರ ಕೂತರು. ಬಾಯಿ ಕಟ್ಟಲಿಲ್ಲ. ಮೊದಲಿಂದ ಹೇಳಿದರು. ಸಪ್ಲೈ ಅಲ್ಲ, ಹೇಸರಗತ್ತೆ ಎಂದರು. ಗುಂಡಲ್ಲ, ಕಲ್ಲು ಎಂದರು. ತೊಡೆಯ ಮೇಲೆ ಮಲಗಿಸಿಕೊಂಡದ್ದು, ಎರಡು ಸಲ ನೀರು ಕುಡಿಸಿದ್ದು, ಅವನು ಕಣ್ಣು ಬಿಟ್ಟು ನೋಡಿದ್ದು, ಎಲ್ಲ ಹೇಳಿದರು. ಭದ್ರಮ್ಮನವರ ಮೊರ ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ.

"ಆ ಪ್ರಾಣಿ ಬದುಕ್ತಾ?" ಎಂದರು.

"ಬದುಕ್ತು ಕಣವ್ವ. ಆಮೇಲೆ ನಾಕು ವರ್ಷ ನಾನೇ ನಡೆಸ್ದೆ."

"ಅದ್ಕೊಂದು ಎಸ್ರು ಇಟ್ಟಿದ್ನಾ?"

"ನಂಬರ್ ಇತ್ತು. ಅವನು ಕೆಂದಿ ಅಂತ ಕರೀತಿದ್ದ."

ಭದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಅಳುತ್ತಿದ್ದರು, ಆದರೆ ಬಾಯಿಯ ಅಂಚಿನಲ್ಲಿ ನಗುವೂ ಇತ್ತು. "ನಮ್ಮ ಹಟ್ಟೀಲಿ ಕೆಂಪಗಿರೋವ್ಕೆಲ್ಲ ಅದೇ ಎಸ್ರು. ಅಲ್ಲ ಕಣ್ಲಾ ಕಾಳ, ಕುರಿ ಕಾಯೋರ ಮನೇಲಿ ಹುಟ್ಟಿ ನೀನಿದ ನಾಚ್ಕೆ ಅಂದ್ಕಂಡ್ಯಾ? ನಮ್ಮ ಮಾವ ಒಂದು ಮರೀಗೆ ಪಾಳುಬಾವಿಗೆ ಇಳ್ದು ಸೊಂಟ ಮುರ್ಕಂಡಿದ್ರು. ಕೈಲಿ ಹಿಡ್ದ ಪ್ರಾಣೀನ ಹಳ್ಳಕ್ಕೆ ಬುಟ್ಟು ಬಂದಿದ್ರೆ ನಾನೇ ಅವ್ನ ಒಳಿಕ್ಕೆ ಸೇರಿಸ್ತಿರ್ಲಿಲ್ಲ. ನೀನು ಜೊತೇಲಿದ್ದೆ. ನೀರು ಕೊಟ್ಟೆ. ಇದ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?"

ಭದ್ರಮ್ಮ ಕಾಳಯ್ಯನವರ ಎರಡೂ ಅಂಗೈ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ವರಲಕ್ಷ್ಮಿಯನ್ನು ಕರೆದು ಮುದ್ದೆಗೆ ಎಸರಿಡಲು ಹೇಳಿದರು. ಇಬ್ಬರೂ ಉಂಡೇ ಹೊರಟೆವು.

ಇನ್ನು ನಾಗರಾಜು ಅವರಿಗೆ ಹೇಳುವುದು ಉಳಿದಿತ್ತು. ಅಷ್ಟರಲ್ಲಿ ಅವರು ರಾಮನಗರದಲ್ಲಿ ಫ್ಲೆಕ್ಸ್ ಮಾಡಿಸಿ ತಂದಿದ್ದರು. 'ಶತ್ರುವಿನ ಗುಂಡಿಗೆ ಎದೆಯೊಡ್ಡಿದ ವೀರ ಬೈರೇಶ' ಎಂದು ಕೆಂಪು ಅಕ್ಷರ. ಪಕ್ಕದಲ್ಲಿ ಎಲ್ಲಿಂದಲೋ ತಂದು ಹಾಕಿದ ಒಂದು ಟ್ಯಾಂಕಿನ ಚಿತ್ರ.

"ಆ ಸಾಲು ತೆಗೀಲಾ ನಾಗ" ಎಂದರು ಕಾಳಯ್ಯ, ನಡೆದದ್ದನ್ನು ಹೇಳಿ.

"ಲೇ, ಹೊಡೆಸ್ಕಂಡು ಬಂದ್ಬುಟ್ಟಿದ್ದೀನಿ ಕಣ್ಲಾ. ಈಗ ಹೋಗಿ ಕತ್ತೆ ಗಿತ್ತೆ ಅಂದ್ರೆ ಜನ ನಗಾಕಿಲ್ವಾ?"

"ನಗ್ಲಿ ಬುಡು. ಅವ್ರವ್ವ ನಕ್ಳು, ಇನ್ನು ಊರು ನಕ್ಕರೇನು?"

"ಟ್ಯಾಂಕಾದ್ರೂ ಇರ್ಲಾ?"

"ಟ್ಯಾಂಕ ನಾನು ಹದಿನೇಳು ವರ್ಷದಲ್ಲಿ ಹತ್ರದಿಂದ ನೋಡಿದ್ದೇ ಇಲ್ಲ ಕಣ್ಲಾ."

ನಾಗರಾಜು ಗೊಣಗಿಕೊಂಡೇ ಹೋದರು. ಆದರೆ ಭಾನುವಾರ ಬೆಳಿಗ್ಗೆ ನೋಡಿದರೆ ಟ್ಯಾಂಕಿನ ಚಿತ್ರದ ಮೇಲೆ, ಕಾಳಯ್ಯನವರಿಂದ ಇಸಿದುಕೊಂಡ, ಬೈರೇಶನೂ ಇದ್ದ ಆ ಹಳೆಯ ಫೋಟೋವನ್ನು ದೊಡ್ಡದು ಮಾಡಿಸಿ ಅಂಟಿಸಿದ್ದರು. ಕೆಂಪು ಸಾಲಿನ ಮೇಲೆ ಬಿಳಿ ಹಾಳೆ ಹಚ್ಚಿ, ತಮ್ಮದೇ ಅಕ್ಷರದಲ್ಲಿ 'ಜೊತೆಯ ಪ್ರಾಣಿಯನ್ನು ಉಳಿಸಲು ಹೋಗಿ ಮಡಿದ ನಮ್ಮ ಬೈರೇಶ' ಎಂದು ಬರೆದಿದ್ದರು. ನಾನಾಗಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ.

ಮೂವತ್ತೊಂದು ಜನ ಬಂದಿದ್ದರು. ತೀರಿಹೋದ ಐವರ ಹೆಸರನ್ನು ಹಾಜರಿಯ ಕ್ರಮದಲ್ಲೇ ಓದಿದೆ. ಬಾಣಂತನದಲ್ಲಿ ಹೋದ ಪ್ರತಿಮಾ, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ ಸಿದ್ದಯ್ಯ, ಕಾಯಿಲೆಯಿಂದ ಹೋದ ಇನ್ನಿಬ್ಬರು, ಬೈರೇಶ. ಒಂದೊಂದು ಹೆಸರಿಗೂ ಆ ಮನೆಯವರು ಎದ್ದು ನಿಂತರು. ಭದ್ರಮ್ಮನವರನ್ನು ವೇದಿಕೆಗೆ ಕರೆದು ಕೂರಿಸಿದರು. ಕಾಳಯ್ಯನವರಿಗೆ ಪೇಟ ತೊಡಿಸಿ ಶಾಲು ಹೊದಿಸುವ ಹೊತ್ತಿಗೆ ಅವರು ನನ್ನ ಕೈಯಿಂದ ಮೈಕು ತೆಗೆದುಕೊಂಡು ತಮ್ಮ ಕೆಲಸ ಏನಾಗಿತ್ತೆಂದು ತಾವೇ ಹೇಳಿದರು. ಲೆಕ್ಕದ ಮೇಷ್ಟ್ರ ಮಾತನ್ನೂ ಬಿಡಲಿಲ್ಲ. ಸಭೆಯಲ್ಲಿ ಒಂದು ಕ್ಷಣ ಎಲ್ಲರೂ ಮುಂದಿನ ಸಾಲಿನ ಕಡೆ ನೋಡಿದರು, ಯಾಕೆಂದರೆ ನಿವೃತ್ತರಾದ ಆ ಮೇಷ್ಟ್ರೂ ಬಂದು ಅಲ್ಲಿಯೇ ಕೂತಿದ್ದರು.

ಅವರು ಕೋಲೂರಿ ಎದ್ದರು. "ಮೂರು ವರ್ಷ ಲೆಕ್ಕ ಹೇಳಿಕೊಟ್ಟೆ, ಒಂದೂ ತಲೆಗೆ ಹತ್ತಲಿಲ್ಲ. ಇದೊಂದು ಮಾತನ್ನಾದರೂ ಕೇಳಿದರಲ್ಲ, ಅಷ್ಟೇ ಸಂತೋಷ" ಎಂದರು. ಸಭೆ ನಕ್ಕಿತು. ನಗು ಇಳಿದ ಮೇಲೆ ಮೇಷ್ಟ್ರು ಧ್ವನಿ ತಗ್ಗಿಸಿ, "ತಪ್ಪು ಮಾತಾಡಿದ್ದೆ ಕಾಳಯ್ಯ. ಆ ಕೆಲಸದ ಬೆಲೆ ನನಗೆ ಗೊತ್ತಿರಲಿಲ್ಲ" ಎಂದು ಕೈ ಮುಗಿದರು. ಕಾಳಯ್ಯ ವೇದಿಕೆಯಿಂದ ಇಳಿದು ಬಂದು ತಮ್ಮ ಶಾಲನ್ನು ಅವರಿಗೆ ಹೊದಿಸಿದರು.

ಊಟದ ಪಂಕ್ತಿಯಲ್ಲಿ ಅದೇ ತರಗತಿಯ ಹಾಜಿರಾ ಕಾಳಯ್ಯನವರ ಎದುರಿಗೆ ಕೂತಿದ್ದರು. ಅವರ ಗಂಡ ರಾಮನಗರದಲ್ಲಿ ಜಟಕಾ ಗಾಡಿ ಓಡಿಸುತ್ತಾರೆ.

"ಅಲ್ಲ ಕಾಳಯ್ಯ, ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆಯಲ್ಲ, ನಮ್ಮ ಕುದುರೆ ತಿಂಗಳಿಂದ ಕುಂಟ್ತಾ ಐತೆ. ಲಾಳ ಹೊಡೆಯೋ ಸಾಬ್ರು ತೀರ್ಕೊಂಡ್ರು, ಅವ್ರ ಮಕ್ಕಳು ಕಂಪನಿಗೆ ಹೋಗ್ತಾರೆ. ನೀನು ಲಾಳ ಕಟ್ತೀಯಾ?"

"ಹದಿನೇಳು ವರ್ಷ ಇನ್ನೇನ್ ಮಾಡ್ದೆ ಅನ್ಕಂಡೆ ನೀನು? ನಾಳೆ ಬತ್ತೀನಿ. ನಿಮ್ಮನೆಯವ್ರಿಗೆ ಹೇಳು, ಅಲ್ಲೀಗಂಟ ಗಾಡಿ ಕಟ್ಬಾರ್ದು."

ಮಾರನೆಯ ದಿನ ಆ ಕುದುರೆಯ ಗೊರಸಿನಲ್ಲಿ ಹೂತಿದ್ದ ಕಲ್ಲಿನ ಚೂರನ್ನು ತೆಗೆದರು. ಒಂದು ವಾರದಲ್ಲಿ ಅದು ಸರಿಯಾಗಿ ನಡೆಯಿತು. ಜಟಕಾ ನಿಲ್ದಾಣದ ಉಳಿದವರೂ ಕರೆಯತೊಡಗಿದರು. ದೀಪಾವಳಿ ಕಳೆದ ಮೇಲೆ ಕಾಳಯ್ಯ ಗೇಟಿನ ಕೆಲಸ ಬಿಟ್ಟರು.

ಇದನ್ನು ಬರೆಯುತ್ತಿರುವುದು ೨೦೦೯ರಲ್ಲಿ. ಈಗ ಕಾಳಯ್ಯನವರು ವಾರದಲ್ಲಿ ಮೂರು ದಿನ ರಾಮನಗರದಲ್ಲಿ, ಎರಡು ದಿನ ಚನ್ನಪಟ್ಟಣದಲ್ಲಿ ಜಟಕಾ ಕುದುರೆಗಳಿಗೂ ಗಾಡಿಯ ಎತ್ತುಗಳಿಗೂ ಲಾಳ ಕಟ್ಟುತ್ತಾರೆ. ಉಳಿದ ಎರಡು ದಿನ ತಮ್ಮ ಕುರಿಗಳ ಜೊತೆ ಭದ್ರಮ್ಮನವರ ಕುರಿಗಳನ್ನೂ ಹೊಡೆದುಕೊಂಡು ಹೋಗಿ ಮೇಯಿಸುತ್ತಾರೆ.