ಗಬ್ಬದ ಕುರಿಗೆ ಹಚ್ಚಿದ ಹಸಿರು

ಆ ಕುರಿ ಗಬ್ಬವಾಗಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಬೆನ್ನಿಗೆ ಹಸಿರು ಬಣ್ಣ ಹಚ್ಚಿ ಕಸಾಯಿಖಾನೆಗೆ ಕಳಿಸಿದೆ. ಆಮೇಲೆ ಕೇಳಿದವರ ಮುಂದೆ, ನಾನಲ್ಲ, ಯಮನಪ್ಪ ಅಂದೆ. ಇಷ್ಟನ್ನು ಹೇಳುವುದಕ್ಕೆ ನನಗೆ ಹನ್ನೆರಡು ವರ್ಷ ಬೇಕಾಯಿತು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಯವಾಗಿ ಬರೆಯಲು ಬರುವುದಿಲ್ಲ. ಆದರೆ ಈ ವಾರ ಮೊಮ್ಮಗಳು ಚಿನ್ನಿಗೆ ಹನ್ನೆರಡು ತುಂಬಿತು, ಮನೆ ತುಂಬ ಸಡಗರ. ಅವಳೆಂದರೆ ನನಗೆ — ಹೇಗೆ ಹೇಳಲಿ — ಸ್ಕೂಲಿಂದ ಬಂದು ಬ್ಯಾಗು ಎಸೆದು 'ಅಜ್ಜಿ' ಅಂದರೆ ಸಾಕು, ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ. ಪ್ರತಿ ಹುಟ್ಟುಹಬ್ಬಕ್ಕೂ ತೊಡೆಯ ಮೇಲೆ ತಲೆಯಿಟ್ಟು, ತಾನು ಹುಟ್ಟಿದ ದಿನ ಏನೇನಾಯಿತು ಹೇಳು ಅನ್ನುತ್ತಾಳೆ. ಫೋನು ಬಂದದ್ದು, ಸಕ್ಕರೆ ಹಂಚಿದ್ದು, ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಸಿಗದೆ ಆಟೋ ಹತ್ತಿದ್ದು — ಅಷ್ಟು ಹೇಳುತ್ತಿದ್ದೆ. ಉಳಿದದ್ದನ್ನು ನುಂಗಿಕೊಳ್ಳುತ್ತಿದ್ದೆ.

ಕೃಷ್ಣರಾಜಪುರದ ಆಚೆ ನಮ್ಮದೊಂದು ತೋಪಿತ್ತು. ಮರಗಳು ಫಲ ಬಿಡುವುದು ನಿಂತ ಮೇಲೆ ಮನೆಯವರು ಅದನ್ನು ಮಾಂಸ ರಫ್ತು ಮಾಡುವವರೊಬ್ಬರಿಗೆ ಬಾಡಿಗೆಗೆ ಕೊಟ್ಟರು. ಕೊಪ್ಪಳ, ರಾಯಚೂರಿನ ಕಡೆಯಿಂದ ಲಾರಿಯಲ್ಲಿ ಬಂದ ಕುರಿಗಳು ಅಲ್ಲಿ ಇಳಿದು, ನೀರು ಕುಡಿದು, ದಣಿವಾರಿಸಿಕೊಂಡು ಕಸಾಯಿಖಾನೆಗೆ ಹೋಗಬೇಕು. ಮಾಂಸ ವಿಮಾನದಲ್ಲಿ ಕೊಲ್ಲಿ ದೇಶಕ್ಕೆ. ಕೊಳ್ಳುವವರ ಕಟ್ಟುನಿಟ್ಟು ಬಹಳ — ಕುಂಟುವ ಕುರಿ ಬೇಡ, ಕಾಯಿಲೆಯದು ಬೇಡ, ಗಬ್ಬದ್ದಂತೂ ಕೂಡದೇ ಕೂಡದು. ಅದನ್ನು ಅವರೇ ಹೇಳಬೇಕಾಗಿರಲಿಲ್ಲ. ಹೊಟ್ಟೆಯಲ್ಲಿ ಜೀವ ಇರುವುದನ್ನು ಕೊಯ್ಯಬಾರದು ಅಂತ ನಮ್ಮಮ್ಮನೂ ಹೇಳುತ್ತಿದ್ದಳು.

ನಾನು ಕುರಿ ಸಾಕಿದ ಮನೆಯಲ್ಲಿ ಹುಟ್ಟಿದವಳು. ಬಲಗಡೆ ಪಕ್ಕೆಯ ಕೆಳಗೆ ಅಂಗೈ ಇಟ್ಟರೆ ಮರಿ ಇದೆಯೋ ಇಲ್ಲವೋ ತಿಳಿಯುತ್ತಿತ್ತು. ಬರುವವು ಹೆಚ್ಚಾಗಿ ಟಗರುಗಳೇ. ಲೋಡು ಸಾಲದಿದ್ದಾಗ ಹೆಣ್ಣು ಕುರಿಗಳೂ ಸೇರುತ್ತಿದ್ದವು. ದನದ ಡಾಕ್ಟರು ಬಾರದ ದಿನ ಅವನ್ನು ಬೇರ್ಪಡಿಸುವ ಕೆಲಸ ನನ್ನದು. ಹಸಿರು ಹಚ್ಚಿದರೆ ಹೋಗಬಹುದು, ಕೆಂಪು ಹಚ್ಚಿದರೆ ಹಿಂದೆ ಉಳಿಯಬೇಕು. ಹಸಿರಾದವನ್ನು ಲಾರಿಗೆ ಹತ್ತಿಸುವವನು ಯಮನಪ್ಪ. ಕೊಪ್ಪಳದ ಕಡೆಯವನು, ಹೆಂಡತಿಯೊಂದಿಗೆ ತೋಪಿನ ಶೆಡ್ಡಿನಲ್ಲೇ ಇದ್ದ. ಯಾರಾದರೂ ಕುರಿಯ ಕಾಲು ಹಿಡಿದು ದರದರ ಎಳೆದರೆ ಅವರ ಮೇಲೆ ಜಗಳಕ್ಕೇ ಹೋಗುತ್ತಿದ್ದ.

ಆ ದಿನ ಮಧ್ಯಾಹ್ನ ಎದುರಿನ ಅಂಗಡಿಗೆ ಫೋನು ಬಂತು. ಹಲಸೂರಿನ ಆಸ್ಪತ್ರೆಯಲ್ಲಿ ನನ್ನ ಮಗಳಿಗೆ ಹೆಣ್ಣು ಮಗು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಯಿಂದಲೇ ಸಕ್ಕರೆ ತಂದು ಸಿಕ್ಕವರ ಬಾಯಿಗೆಲ್ಲ ಹಾಕಿದೆ. ಯಮನಪ್ಪ ಬಾಯಿ ಚಪ್ಪರಿಸುತ್ತ, "ಅಜ್ಜಿ ಆದ್ರಿ ಅಕ್ಕಾರ, ಇನ್ನ ಹಲ್ಲ ಬೀಳೂದೊಂದ ಬಾಕಿ" ಅಂದ. ಎಲ್ಲರೂ ನಕ್ಕೆವು.

ಕಡೆಯ ದೊಡ್ಡಿ ಇನ್ನೂ ಉಳಿದಿತ್ತು. ಮೇಸ್ತ್ರಿ ಸೆಲ್ವರಾಜು ಲಾರಿ ಹೊರಡಿಸುವ ಅವಸರದಲ್ಲಿದ್ದ. ನನ್ನ ಜೀವ ಆಗಲೇ ಹಲಸೂರಿನಲ್ಲಿತ್ತು. ಮೊದಲ ಕುರಿಯ ಪಕ್ಕೆಗೆ ಕೈ ಇಟ್ಟೆ — ಮರಿ ಒದೆಯಿತು. ಅಂಗೈಗೆ, ಮೆತ್ತಗೆ, ಒಳಗಿಂದ. ತಿಳಿಯುವುದಕ್ಕೆ ಇನ್ನೇನು ಬೇಕು? ಅದನ್ನು ಬೇರೆ ಕಟ್ಟಬೇಕು, ಆ ದೊಡ್ಡಿಯ ಒಂದೊಂದನ್ನೂ ಮುಟ್ಟಿ ನೋಡಬೇಕು, ಹೊತ್ತಾಗುತ್ತದೆ, ಮಗು ಅಲ್ಲಿ — ಬಟ್ಟೆಯನ್ನು ಹಸಿರಿಗೆ ಅದ್ದಿ ಎಳೆದುಬಿಟ್ಟೆ. ಅದಕ್ಕೂ, ಅದರ ಹಿಂದಿನದಕ್ಕೂ, ಎಲ್ಲಕ್ಕೂ.

ಯಮನಪ್ಪ ಗೇಟಿನ ಹತ್ತಿರ ನಿಂತು ನೋಡುತ್ತಿದ್ದ.

"ಅಕ್ಕಾರ, ಈ ದೊಡ್ಡಿ ಕೈ ಇಟ್ಟು ನೋಡ್ಲಿಲ್ಲಲ್ರಿ."

"ನೋಡಾಯ್ತು ಬಿಡಪ್ಪ. ಹತ್ಸು."

ಅವನು ಹತ್ತಿಸಿದ. ನಾನು ಆಸ್ಪತ್ರೆಗೆ ಓಡಿದೆ. ಮಗುವನ್ನು ಕೈಗೆ ಕೊಟ್ಟಾಗ ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಹಸಿರಿತ್ತು.

ಮರುದಿನ ಬೆಳಿಗ್ಗೆ ಕೊಳ್ಳುವ ದೇಶದವರು ಕಸಾಯಿಖಾನೆ ನೋಡಲು ಬಂದಿದ್ದರಂತೆ. ಅವರ ಕಣ್ಣೆದುರಿಗೇ ಸೀಳಿದ ಹೊಟ್ಟೆಯಿಂದ ಮರಿ ಬಿತ್ತು. ಒಂದಲ್ಲ. ಮೈಮೇಲೆ ತುಪ್ಪಟ ಮೂಡಿದ ಮರಿಗಳು. ಕೆಲಸ ನಿಲ್ಲಿಸಿದರು, ಆ ಮಾಲೇ ಬೇಡ ಅಂದರು. ಸಂಜೆ ಸೆಲ್ವರಾಜು ತೋಪಿಗೆ ಬಂದ. ಜಾಗದ ಒಡತಿಯಲ್ಲವೇ, ಮರ್ಯಾದೆಯಿಂದಲೇ ಕೇಳಿದ, ನೀವು ನೋಡಿಯೇ ಬಿಟ್ಟಿದ್ದಾ ಅಂತ.

ಇಲ್ಲ ಅಂದಿದ್ದರೆ ನನಗೇನಾಗುತ್ತಿತ್ತು? ತೋಪು ನಮ್ಮದು. ಎರಡು ಮಾತು ಅನ್ನುತ್ತಿದ್ದರು, ಅಷ್ಟೇ. ಮೊಮ್ಮಗಳು ಹುಟ್ಟಿದ ಘಳಿಗೆಗೆ ಇಂಥದೊಂದು ಮೈಲಿಗೆ ಅಂಟಬಾರದು ಅಂತ ನಾನು — ಇಲ್ಲ, ಅದು ನೆವ.

"ನಾನ್ ನೋಡೇ ಹಚ್ಚಿದ್ದು. ಬೇರೆ ಕಟ್ಟಿದ್ದಕ್ಕೂ ಇವನೇ ಹಸಿರು ಬಳಿದು ಸೇರಿಸಿರ್ಬೇಕು."

ಯಮನಪ್ಪ ಅಲ್ಲೇ ಇದ್ದ. ಅವನ ಹೆಂಡತಿಯೂ ಇದ್ದಳು. ಗೇಟಿನ ಹತ್ತಿರ ಆಡಿದ ಮಾತನ್ನು ಅವನು ಹೇಳಿಬಿಡುತ್ತಾನೆಂದು ಕಾದೆ. ಅವನು ನನ್ನ ಮುಖವನ್ನೇ ನೋಡಿದ. "ನಿನ್ನೆ ಇವರ ಕೈಯಾಗಿನ ಸಕ್ರಿ ತಿಂದೇನ್ರಿ. ಏನ ಹೇಳ್ಲಿ" ಅಂದ. ಕತ್ತಲಾಗುವುದರೊಳಗೆ ಗಂಡ ಹೆಂಡತಿ ಗಂಟು ಕಟ್ಟಿಕೊಂಡು ಹೊರಟುಹೋದರು.

ಈಗ ಆ ತೋಪಿಲ್ಲ, ಮನೆಗಳೆದ್ದಿವೆ. ಹೋದ ತಿಂಗಳು ಲಿಂಗರಾಜಪುರಕ್ಕೆ ಹೋಗಿ ಸೆಲ್ವರಾಜುವಿಗೆ ನಿಜ ಹೇಳಿಬಂದೆ. ಹಳೇದು ಬಿಡಮ್ಮಾ, ಈಗ ಯಾರು ಕೇಳ್ತಾರೆ ಅಂದ. ಹೌದು, ಯಾರೂ ಕೇಳುವುದಿಲ್ಲ. ಟಿನ್ ಫ್ಯಾಕ್ಟರಿಯ ಹಿಂದಿನ ಬಾಡಿಗೆ ರೂಮುಗಳಲ್ಲಿ ಹುಡುಕಿ ಹುಡುಕಿ ಯಮನಪ್ಪನ ತಮ್ಮನನ್ನು ಕಂಡೆ. ಗಬ್ಬದ ಕುರಿ ಸೇರಿಸಿದವನು ಅಂತ ಹೆಸರು ಬಿದ್ದು ಅಣ್ಣನನ್ನು ಯಾವ ದೊಡ್ಡಿಯವರೂ ಸೇರಿಸಲಿಲ್ಲವಂತೆ. ಹೊಸಪೇಟೆಯ ಕಡೆ ಕಲ್ಲು ಹೊರುತ್ತಾನಂತೆ. ಕುರಿಯ ತಂಟೆಗೇ ಹೋಗುವುದಿಲ್ಲವಂತೆ — ಕುರಿಯನ್ನು ಅಷ್ಟು ಬಲ್ಲವನು.

ಆ ತಾಯಿ ಕುರಿಗಳ ಮುಂದೆ ನಿಂತು ತಪ್ಪಾಯಿತು ಅನ್ನೋಣವೆಂದರೆ ಅವು ಇಲ್ಲ. ಯಮನಪ್ಪ ಇದ್ದಾನೆ. ದೀಪಾವಳಿಗೆ ತಮ್ಮನ ರೂಮಿಗೆ ಬರುತ್ತಾನಂತೆ, ಹೆಂಡತಿಯೊಂದಿಗೆ.

ಚಿನ್ನಿಗೆ ಈ ಸಲ ಪೂರ್ತಿ ಹೇಳಿದೆ. ತೊಡೆಯಿಂದ ತಲೆ ಎತ್ತಿ ಕೂತಳು. ಆಮೇಲೆ, "ನಾನೂ ಬರ್ತೀನಜ್ಜಿ, ನಾನೂ ಸಾರಿ ಕೇಳ್ತೀನಿ" ಅಂದಳು. ಬೇಡ ಅಂದೆ. ಅವಳ ಮುಖವನ್ನು ಮುಂದಿಟ್ಟುಕೊಂಡು ಕೇಳಿದರೆ ಅವನು ಇಲ್ಲ ಅನ್ನಲಾರ. ಅವನಿಗೆ ಇಲ್ಲ ಅನ್ನುವುದಿದ್ದರೆ ಅನ್ನಲಿ.

ಒಬ್ಬಳೇ ಹೋಗುತ್ತೇನೆ.